ಭೀಮನ ಹೆಸರಿಗೆ ಹತ್ತಿದ ಬಾಲ

ಹೆಸರು ಯಾರ ಸ್ವತ್ತು? ಇಟ್ಟವರದೋ, ಹೊತ್ತವರದೋ, ಕರೆಯುವವರದೋ? ಭೂಮಿ, ಕೂಲಿ, ನೀರು, ಸಾಲಿ ಇಂಥ ದೊಡ್ಡ ಪ್ರಶ್ನೆಗಳು ಇನ್ನೂ ಎದುರಿಗೆ ನಿಂತಿರುವಾಗ ಈ ಸಣ್ಣ ಪ್ರಶ್ನೆ ಯಾಕೆ ಎಂದು ಕೇಳುವ ಗೆಳೆಯರಿದ್ದಾರೆ. ಅವರ ಮಾತಿಗೆ ಮುಂದೆ ಬರುತ್ತೇನೆ. ಮೊದಲು ಒಂದೇ ಒಂದು ಹೆಸರನ್ನು ಹಿಡಿದು ನೋಡೋಣ.

ಅಫಜಲಪುರದ ಸಂತೆಯಲ್ಲಿ ಇಲ್ಲವೆ ಜೇವರ್ಗಿಯ ಬಸ್ ನಿಲ್ದಾಣದಲ್ಲಿ ನಿಂತು 'ಏ ಭೀಮ್ಯಾ' ಎಂದು ಒಮ್ಮೆ ಕೂಗಿದರೆ ಹತ್ತು ಮಂದಿ ಹೊರಳಿ ನೋಡುತ್ತಾರೆ. 'ಭೀಮಾಶಂಕರಪ್ಪನವರೇ' ಎಂದು ಕೂಗಿದರೆ ಇಬ್ಬರು ಹೊರಳುತ್ತಾರೆ. ಆದರೆ ಆ ಹತ್ತು ಮಂದಿಯೇ ಬೇರೆ, ಈ ಇಬ್ಬರೇ ಬೇರೆ. ಕೂಗಿದ್ದು ಒಂದೇ ಹೆಸರು, ಅದರ ಹಿಂದೆ ಹತ್ತಿದ ಬಾಲ ಮಾತ್ರ ಬೇರೆ. ನಾನು ಬರೆಯುತ್ತಿರುವುದು ಆ ಬಾಲದ ಬಗ್ಗೆ.

ಹೆಸರಿನ ಅರ್ಥವೇನು ಎಂದು ಪಂಡಿತರನ್ನು ಕೇಳಿದರೆ ಅವರು 'ಭೀ' ಎಂಬ ಸಂಸ್ಕೃತ ಧಾತುವನ್ನು ತೋರಿಸುತ್ತಾರೆ. ಅಂಜು ಎಂದು ಅದರ ಅರ್ಥ. ಅಂಜಿಕೆ ಹುಟ್ಟಿಸುವವನು ಭೀಮ. ಶಿವನ ಎಂಟು ಹೆಸರುಗಳಲ್ಲಿ ಇದೂ ಒಂದು. ಭೀತಿ, ಭೀಕರ, ಭೀಷಣ ಎಲ್ಲ ಅದೇ ಬೇರಿನ ಚಿಗುರು. ಅದೇ ಬೇರಿನಿಂದ ಇನ್ನೊಂದು ಪದವೂ ಹುಟ್ಟಿದೆ: ಭೀರು. ಎಂದರೆ ಅಂಜುಬುರುಕ. ಅಂಜಿಸುವವನೂ ಅಂಜುವವನೂ ಒಂದೇ ಬೇರಿನವರು. ನಿಘಂಟಿನಲ್ಲಿ ಅವು ಎರಡು ಬೇರೆ ಪದಗಳು. ನಮ್ಮ ಕೇರಿಯಲ್ಲಿ ಅವು ಒಬ್ಬನೇ ಮನುಷ್ಯ. ಹೆಸರು ಭೀಮ, ಬದುಕು ಭೀರು. ಗೌಡರ ಕಟ್ಟೆಯ ಮುಂದೆ ಹಾಯುವಾಗ ಚಪ್ಪಲಿ ಕೈಯಲ್ಲಿ ಹಿಡಿದು ನಡೆದ ನಮ್ಮ ಮುತ್ಯಾಂದಿರ ಪೈಕಿ ಎಷ್ಟು ಮಂದಿಗೆ ಈ 'ಭಯಂಕರ' ಹೆಸರಿತ್ತೋ!

ನಮ್ಮ ಭಾಗದಲ್ಲಿ ಈ ಹೆಸರು ಇಷ್ಟು ದಟ್ಟವಾಗಿ ಬೆಳೆಯಲು ಮೊದಲ ಕಾರಣ ಹೊಳೆ. ಭೀಮಾ ನದಿ ಪುಣೆ ಜಿಲ್ಲೆಯ ಸಹ್ಯಾದ್ರಿಯಲ್ಲಿ, ಭೀಮಾಶಂಕರದಲ್ಲಿ ಹುಟ್ಟುತ್ತದೆ. ಪಂಢರಪುರದಲ್ಲಿ ಚಂದ್ರಭಾಗಾ ಎನಿಸಿಕೊಳ್ಳುತ್ತದೆ. ಅಫಜಲಪುರ, ಜೇವರ್ಗಿ ತಾಲೂಕುಗಳ ಹೊಲ ತೊಳೆದು ಮುಂದೆ ಕೃಷ್ಣೆಗೆ ಸೇರುತ್ತದೆ. ಒಟ್ಟು ಹರಿವು ಸುಮಾರು 860 ಕಿಲೋಮೀಟರ್. ಆಳಂದಕ್ಕೆ ಈ ಹೊಳೆ ತಾಗುವುದಿಲ್ಲ, ಆದರೆ ಆಳಂದದ ಅಮರ್ಜಾ ಹೊಳೆ ಗಾಣಗಾಪುರದ ಸಂಗಮದಲ್ಲಿ ಬಂದು ಭೀಮೆಯನ್ನೇ ಕೂಡುತ್ತದೆ. ಹಾಗಾಗಿ ಮೂರೂ ತಾಲೂಕಿನವರು ಈ ಹೆಸರಿನ ನೀರು ಕುಡಿದವರೇ. ಹೊಳೆ ತಾಯಿಯೂ ಹೌದು, ಹೆದರಿಕೆಯೂ ಹೌದು. 2020ರ ಅಕ್ಟೋಬರದಲ್ಲಿ ಮೇಲಿನ ಅಣೆಕಟ್ಟುಗಳಿಂದ ಬಿಟ್ಟ ನೀರು ಬಂದು ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳಿಗೆ ನುಗ್ಗಿದಾಗ ಭೀಮ ಎಂಬ ಪದದ ಅರ್ಥವನ್ನು ಯಾರೂ ನಿಘಂಟು ತೆಗೆದು ನೋಡಬೇಕಾಗಿರಲಿಲ್ಲ. ಬಂದ ಮಹಾಪೂರಕ್ಕೆ ಜಾತಿಯಿಲ್ಲ ಎನ್ನುತ್ತಾರೆ. ಆದರೆ ತಗ್ಗಿನಲ್ಲಿ ಮನೆ ಕಟ್ಟಿಕೊಂಡವರಿಗೆ ಜಾತಿ ಇದೆ, ಎತ್ತರದಲ್ಲಿ ಕಟ್ಟಿಕೊಂಡವರಿಗೂ ಇದೆ.

ನಮ್ಮ ಕಡೆ ಮಕ್ಕಳಿಗೆ ಹೆಸರಿಡುವುದು ಪುಸ್ತಕ ನೋಡಿ ಅಲ್ಲ. ಬದುಕಿನಲ್ಲಿ ಯಾವುದು ಕೈಹಿಡಿದಿತೋ ಅದರ ಹೆಸರು. ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ, ಕಲಬುರಗಿಯ ಖಾಜಾ ಬಂದೇನವಾಜರಿಗೆ ಹರಕೆ ಹೊತ್ತು ಪಡೆದ ಮಗ ಖಾಜಪ್ಪನಾಗುತ್ತಾನೆ. ಮೊಹರಮ್ಮಿನಲ್ಲಿ ಬೇಡಿಕೊಂಡು ಪಡೆದವನು ಹುಸೇನಪ್ಪ. ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆಸಿದ ಶರಣಬಸವೇಶ್ವರರನ್ನು ನೆನೆದವರ ಮನೆಯಲ್ಲಿ ಶರಣಪ್ಪ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನದನ್ನು ತಿಪ್ಪೆಯ ಮೇಲೆ ಹಾಕಿ ಎತ್ತಿಕೊಂಡು ತಿಪ್ಪಣ್ಣ ಎನ್ನುತ್ತಾರೆ. ಸಾವಿಗೂ ಹೇಸಿಕೆ ಬರಲಿ, ಮುಟ್ಟದೇ ಹೋಗಲಿ ಎಂಬ ಉಪಾಯ. ಹೊಳೆ ದಂಡೆಯವರಿಗೆ ಭೀಮಪ್ಪ. ತೊಟ್ಟಿಲಿಗೆ ಹಾಕುವ ದಿವಸ ಮಗುವಿನ ಅತ್ತಿ ಬಗ್ಗಿ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳುತ್ತಾಳೆ, ಉಳಿದ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಹೀಗೆ ಪ್ರತಿಯೊಂದು ಹೆಸರೂ ಮೊದಲ ಸಲ ಒಬ್ಬ ಹೆಣ್ಣಿನ ಬಾಯಿಂದ, ಪ್ರೀತಿಯಿಂದ, ಪೂರ್ತಿಯಾಗಿ ಬರುತ್ತದೆ. ಅದನ್ನು ಅರ್ಧಕ್ಕೆ ಕತ್ತರಿಸುವ ಕೆಲಸ ಆಮೇಲೆ ಊರಿನದು.

ಇನ್ನು ಭಾರತದ ಭೀಮ. ನಮ್ಮ ಬಯಲಾಟಗಳಲ್ಲಿ ಅವನು ಬಂದರೆ ಅಟ್ಟ ಅಲುಗುತ್ತದೆ. ಹತ್ತನೇ ಶತಮಾನದಲ್ಲಿ ರನ್ನ ತನ್ನ ಗದಾಯುದ್ಧಕ್ಕೆ ಅವನನ್ನೇ ನಾಯಕನನ್ನಾಗಿ ಮಾಡಿದ, ಚಾಲುಕ್ಯರ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಸಾಹಸಭೀಮ ಎಂದ. ರನ್ನ ಬಳೆಗಾರರ ಮನೆಯ ಮಗ ಎಂಬುದು ನೆನಪಿರಲಿ. ಬಳೆಗಾರರ ಹುಡುಗ ಭೀಮನನ್ನು ಆರಿಸಿಕೊಂಡದ್ದು ನನಗೆ ಬರೀ ಆಕಸ್ಮಿಕವೆನಿಸುವುದಿಲ್ಲ. ಐವರಲ್ಲಿ ದುಡಿಯುವವನು ಭೀಮನೇ. ಹೊರುವವನು, ಒಡೆಯುವವನು, ಅಡುಗೆ ಮಾಡುವವನು, ಸಿಟ್ಟು ಬಂದರೆ ಮುಚ್ಚಿಡದವನು.

ಆದರೆ ಅವನ ಕತೆಯಲ್ಲೇ ನಮಗೆ ಎರಡು ಪಾಠಗಳಿವೆ. ಒಂದು, ವಿರಾಟನ ಮನೆಯಲ್ಲಿ ಅವನು ವಲಲ ಎಂಬ ಬೇರೆ ಹೆಸರು ಇಟ್ಟುಕೊಂಡು ಸೌಟು ಹಿಡಿದ. ಒಂದು ವರ್ಷ. ಆಮೇಲೆ ಅವನ ಹೆಸರು ಅವನಿಗೆ ತಿರುಗಿ ಸಿಕ್ಕಿತು. ರಾಜರ ಮಕ್ಕಳ ಅಜ್ಞಾತವಾಸಕ್ಕೆ ಲೆಕ್ಕವಿದೆ, ಮುಗಿಯುವ ತಾರೀಖಿದೆ. ನಮ್ಮದಕ್ಕೆ ಅದಿಲ್ಲ. ಎರಡು, ಅವನ ಮಗ ಘಟೋತ್ಕಚ. ಕಾಡಿನ ಹಿಡಿಂಬೆಯ ಹೊಟ್ಟೆಯಲ್ಲಿ ಹುಟ್ಟಿದವನು. ಭೀಮನ ರಕ್ತವಿದ್ದರೂ ಅವನಿಗೆ ಅರಮನೆ ಸಿಗಲಿಲ್ಲ, ಯುದ್ಧ ಮಾತ್ರ ಸಿಕ್ಕಿತು. ಕರ್ಣನ ಶಕ್ತ್ಯಾಯುಧ ಅರ್ಜುನನ ಮೇಲೆ ಬೀಳಬಾರದೆಂದು ಆ ಕಾಡಿನ ಹುಡುಗನನ್ನು ಮುಂದೆ ಮಾಡಿದರು. ಅವನು ಸತ್ತಾಗ ಪಾಂಡವರು ಅತ್ತರು, ಕೃಷ್ಣ ಕುಣಿದ. ಮಹಾಭಾರತವೇ ಇದನ್ನು ಹೇಳುತ್ತದೆ. ಒಂದು ಮನೆತನದಲ್ಲಿ ಹುಟ್ಟುವುದಕ್ಕೂ ಆ ಮನೆತನದ ಹೆಸರು ಸಿಗುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದು ಅಲ್ಲೇ ಇದೆ.

ಈಗ ಬಾಲಕ್ಕೆ ಬರೋಣ. ಸೌಗಂಧಿಕಾ ಪುಷ್ಪ ತರಲು ಹೊರಟ ಭೀಮನಿಗೆ ದಾರಿಯಲ್ಲಿ ಅಡ್ಡ ಬಿದ್ದಿದ್ದ ಹನುಮಂತನ ಬಾಲವನ್ನು ಎತ್ತಲಾಗಲಿಲ್ಲ ಎಂಬ ಕತೆ ನಿಮಗೆಲ್ಲ ಗೊತ್ತು. ಬೆಟ್ಟ ಕಿತ್ತವನಿಗೂ ಬಾಲ ಎತ್ತಲಾಗಲಿಲ್ಲ. ನಮ್ಮ ಭೀಮರ ಕತೆಯೂ ಅದೇ. ಒಂದು ಊರಿನ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿ: ಭೀಮಾಚಾರ್ಯ, ಭೀಮಸೇನರಾವ್, ಭೀಮನಗೌಡ, ಭೀಮಾಶಂಕರಪ್ಪ, ಭೀಮರಾಯ, ಭೀಮಣ್ಣ, ಭೀಮಪ್ಪ, ಭೀಮಶಾ, ಭೀಮ್ಯಾ. ಮೇಲಿಂದ ಕೆಳಗೆ ಇಳಿದ ಹಾಗೆ ಊರಿನ ನಕಾಶೆಯೇ ಕಣ್ಣಿಗೆ ಬೀಳುತ್ತದೆ. ಗುಡಿಯ ಓಣಿಯಿಂದ ಹೊರಟು, ವಾಡೆ ದಾಟಿ, ಅಂಗಡಿ ದಾಟಿ, ಕೊನೆಗೆ ಹಳ್ಳದ ಆಚೆಗಿನ ನಮ್ಮ ಕೇರಿಗೆ ಬಂದು ನಿಂತಂತೆ. ಹೆಸರಿನ ತಲೆ ದೇವರದು, ಬಾಲ ಜಾತಿಯದು.

ಇದು ಬರೀ ರೂಢಿ, ಯಾರೂ ಬೇಕಂತ ಮಾಡಿದ್ದಲ್ಲ ಎನ್ನುವವರಿಗೆ ಮನುಸ್ಮೃತಿಯ ಎರಡನೇ ಅಧ್ಯಾಯವನ್ನು ತೋರಿಸಬೇಕು. ಅದರ 31 ಮತ್ತು 32ನೇ ಶ್ಲೋಕಗಳು ಹೆಸರಿಡುವ ಕಾನೂನನ್ನೇ ಬರೆದಿಟ್ಟಿವೆ. ಬ್ರಾಹ್ಮಣನ ಹೆಸರು ಮಂಗಳಕರವಾಗಿರಬೇಕು, ಕ್ಷತ್ರಿಯನದು ಬಲ ಸೂಚಿಸಬೇಕು, ವೈಶ್ಯನದು ಹಣ ಸೂಚಿಸಬೇಕು, ಶೂದ್ರನದು ಹೇಸಿಕೆ ಹುಟ್ಟಿಸುವಂತಿರಬೇಕು. ಹೆಸರಿನ ಎರಡನೇ ಭಾಗವೂ ಹಾಗೇ: ಒಬ್ಬನಿಗೆ ಸುಖ, ಒಬ್ಬನಿಗೆ ರಕ್ಷಣೆ, ಒಬ್ಬನಿಗೆ ಸಮೃದ್ಧಿ, ಕೊನೆಯವನಿಗೆ ಚಾಕರಿ. ಬಾಲದ ಕಾನೂನು ಇದು. ಪಂಚಮನ ಮಾತೇ ಅಲ್ಲಿಲ್ಲ, ಏಕೆಂದರೆ ಲೆಕ್ಕಕ್ಕೆ ಬಾರದವನಿಗೆ ಹೇಸಿಕೆಯ ಹೆಸರೂ ಹೆಚ್ಚೇ. ನಮ್ಮವರು ಈ ಕಾನೂನನ್ನು ಒಂದು ಕಡೆ ಗೆದ್ದರು. ದೇವರ ಹೆಸರನ್ನೇ, ಬಲದ ಹೆಸರನ್ನೇ ತಮ್ಮ ಮಕ್ಕಳಿಗೆ ಇಟ್ಟರು. ಇಡುವುದನ್ನು ತಡೆಯಲಾಗದ ವ್ಯವಸ್ಥೆ ಕರೆಯುವುದನ್ನು ತನ್ನ ಕೈಯಲ್ಲಿಟ್ಟುಕೊಂಡಿತು. ನೀ ಏನಾದರೂ ಇಟ್ಕೋ, ನಾ ಭೀಮ್ಯಾ ಅಂತೀನಿ.

ನನ್ನ ಮುತ್ಯಾನ ಹೆಸರು ಇದೇ. ಒಬ್ಬ ಮನುಷ್ಯನಿಗೆ ಎಷ್ಟು ಹೆಸರಿದ್ದವು ನೋಡಿ. ಸಾವಕಾರರ ಅಂಗಳದಲ್ಲಿ ಅವನು ಭೀಮ್ಯಾ. ಬೀಗರ ಮನೆಯಲ್ಲಿ ಭೀಮಪ್ಪ. ವೋಟಿನ ಹದಿನೈದು ದಿವಸ ಜೀಪಿನಿಂದ ಇಳಿದವರಿಗೆ ಭೀಮಣ್ಣ. ಸತ್ತ ಮೇಲೆ ದಾಖಲೆಯಲ್ಲಿ ಇವನ ಹೆಸರಿನ ಹಿಂದೆ 'ತಂದೆ' ಎಂದು ಬರೆದು ಅವರಪ್ಪನ ಹೆಸರು ಹಚ್ಚಿದರು, ಅಲ್ಲೂ ಭೀಮ್ಯಾನೇ. ಯಾಕೆಂದರೆ ಮಗನನ್ನು ಸಾಲಿಗೆ ಹಚ್ಚಲು ಹೋದ ದಿವಸ ಮಾಸ್ತರರು 'ನಿನ್ನ ಹೆಸರೇನು' ಎಂದು ಕೇಳಿದಾಗ ಅವನೇ, ಕೈಮುಗಿದು, ಭೀಮ್ಯಾ ಎಂದು ಹೇಳಿದ್ದ. ಮಾಸ್ತರರು ಹಾಗೇ ಬರೆದುಕೊಂಡರು. ಅವರ ತಪ್ಪು ಏನು ಎಂದು ನೀವು ಕೇಳಬಹುದು. ಹೇಳಿದ್ದನ್ನು ಬರೆದರು. ಆದರೆ ಗಮನಿಸಿ: ಅರವತ್ತು ವರ್ಷ ಯಾವ ಬಾಯಿಂದಲೂ 'ಅಪ್ಪ' ಕೇಳದವನು ತನ್ನ ಬಾಯಿಂದ ಅದನ್ನು ಹೇಳಿಕೊಳ್ಳುವುದು ಹ್ಯಾಂಗ? ಮೇಲಿನವರ ಮುಂದೆ ತನ್ನ ಹೆಸರನ್ನು ತಾನೇ ಕತ್ತರಿಸಿಕೊಂಡು ನಿಲ್ಲುವುದು ನಮ್ಮಲ್ಲಿ ವಿನಯ ಎನಿಸಿಕೊಳ್ಳುತ್ತದೆ. ಅದು ವಿನಯವಲ್ಲ. ಚಪ್ಪಲಿ ಕಳೆದು ಕೈಯಲ್ಲಿ ಹಿಡಿದಂತೆ, ಹೆಸರಿನ ಅರ್ಧವನ್ನೂ ಕಳೆದು ಕೈಯಲ್ಲಿ ಹಿಡಿದು ನಿಲ್ಲುವುದು.

ಈಗ ಗೆಳೆಯರ ಮಾತಿಗೆ ಬರುತ್ತೇನೆ. 'ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂ. ಮೊದಲು ಕೂಲಿ, ಆಮೇಲೆ ಹೆಸರು' ಎನ್ನುತ್ತಾರೆ. ಗೌರವದಿಂದಲೇ ಹೇಳುತ್ತೇನೆ, ಈ ಎರಡನ್ನೂ ನಿರ್ಧರಿಸುವ ಬಾಯಿ ಒಂದೇ. ತೊಗರಿ ಕೊಯ್ಲಿಗೆ ಆಳು ಕರೆಯುವಾಗ 'ಭೀಮ್ಯಾ' ಎಂದು ಕರೆದ ಬಾಯಿ ಆ ಭೀಮ್ಯಾನ ಕೂಲಿಯನ್ನೂ ಹೇಳುತ್ತದೆ. ಭೀಮ್ಯಾ ಎಂದು ಕರೆಸಿಕೊಂಡವನು ಕೂಲಿಯ ಚೌಕಾಸಿ ಮಾಡಿದರೆ ಅದು ಸೊಕ್ಕು ಎನಿಸುತ್ತದೆ. ಭೀಮಪ್ಪ ಎಂದು ಕರೆಸಿಕೊಂಡವನು ಅದೇ ಚೌಕಾಸಿ ಮಾಡಿದರೆ ಅದು ವ್ಯವಹಾರ. ಹೆಸರು ಜುಟ್ಟಿನ ಮಲ್ಲಿಗೆಯಲ್ಲ, ಮಾತು ಶುರುವಾಗುವ ಹೊಸ್ತಿಲು. ಹೊಸ್ತಿಲ ಕೆಳಗೇ ನಿಲ್ಲಿಸಿದವನಿಗೆ ಒಳಗಿನ ಲೆಕ್ಕ ಕಾಣುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. 'ನಿಮ್ಮವ್ವನೂ ನಿಮಗ ಹಾಂಗೇ ಕರೀತಾಳಲ್ಲ? ಗೆಳೆಯಾರೂ ಭೀಮ್ಯಾ, ಶರಣ್ಯಾ, ಮಲ್ಯಾ ಅಂತಾರಲ್ಲ? ಅದು ನಮ್ಮ ಭಾಷೆಯ ಸಲಿಗೆ, ಅದರಾಗ ಜಾತಿ ಯಾಕ ಹುಡುಕ್ತೀರಿ?' ಹೌದು, ಇದು ನಿಜ. ನಮ್ಮ ಮಾತಿನಲ್ಲಿ ಪ್ರೀತಿಯೂ ಹೆಸರನ್ನು ಮೊಟಕು ಮಾಡುತ್ತದೆ, ತಿರಸ್ಕಾರವೂ ಮೊಟಕು ಮಾಡುತ್ತದೆ. ಕಿವಿಗೆ ಎರಡೂ ಒಂದೇ ಸದ್ದು. ಹಾಗಾದರೆ ಬೇರ್ಪಡಿಸುವುದು ಹೇಗೆ? ಧ್ವನಿಯ ಮೃದುತ್ವದಿಂದಲ್ಲ. ಎಷ್ಟೋ ಸಾವಕಾರರು ಬಹಳ ಮೃದುವಾಗಿ, ನಗುನಗುತ್ತಲೇ ಭೀಮ್ಯಾ ಎನ್ನುತ್ತಾರೆ. ಮನಸ್ಸಿನ ಉದ್ದೇಶದಿಂದಲೂ ಅಲ್ಲ, ಅದನ್ನು ಯಾರು ತೆರೆದು ನೋಡಿದ್ದಾರೆ?

ನನಗೆ ಕಾಣುವ ಪರೀಕ್ಷೆ ಒಂದೇ. ತಿರುಗಿ ಕರೆಯಬಹುದೇ? ಗೆಳೆಯ ನನ್ನನ್ನು ಮೊಟಕು ಮಾಡಿ ಕರೆದರೆ ನಾನೂ ಅವನನ್ನು ಮೊಟಕು ಮಾಡಿ ಕರೆಯುತ್ತೇನೆ, ಇಬ್ಬರೂ ನಗುತ್ತೇವೆ. ಅವ್ವ ಕರೆದರೆ ನಾನು 'ಯವ್ವಾ' ಎಂದು ಏಕವಚನದಲ್ಲೇ ಜಗಳ ತೆಗೆಯಬಹುದು. ಆದರೆ ಎಪ್ಪತ್ತು ವರ್ಷದ ಮುತ್ಯಾನನ್ನು ಹನ್ನೆರಡು ವರ್ಷದ ಸಾವಕಾರರ ಮಗ 'ಲೇ ಭೀಮ್ಯಾ' ಎಂದಾಗ ಮುತ್ಯಾ ಆ ಹುಡುಗನನ್ನು ಹೆಸರಿಡಿದು ಕರೆಯಬಲ್ಲನೇ? ಅವನ ಬಾಯಲ್ಲಿ ಬರುವುದು 'ಧಣೇರ' ಒಂದೇ. ತಿರುಗಿ ಬರುವ ದಾರಿಯಿದ್ದರೆ ಅದು ಸಲಿಗೆ. ಹೋಗುವ ದಾರಿ ಮಾತ್ರ ಇದ್ದರೆ ಅದು ಅಪಮಾನ, ಎಷ್ಟೇ ಜೇನು ಸವರಿ ಹೇಳಿದರೂ.

ಈ ಪರೀಕ್ಷೆಯನ್ನು ಕೈಯಲ್ಲಿಟ್ಟುಕೊಂಡು ಬಾಬಾಸಾಹೇಬರ ಹೆಸರನ್ನು ನೋಡಬೇಕು. 1891ರ ಏಪ್ರಿಲ್ 14ರಂದು ಮಹೂ ದಂಡಿನ ಪಾಳ್ಯದಲ್ಲಿ ಹುಟ್ಟಿದ ಆ ಹದಿನಾಲ್ಕನೆಯ ಮಗುವಿನ ತಾಯಿಯ ಹೆಸರು ಭೀಮಾಬಾಯಿ. ತಾಯಿ ಭೀಮಾ, ಮಗ ಭೀಮ. ನಾವು ಜಯಕಾರ ಹಾಕುವಾಗ ಮಗನ ಜೊತೆಗೆ ಆ ತಾಯಿಯ ಹೆಸರನ್ನೂ ಕೂಗುತ್ತಿದ್ದೇವೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆ? ಮನೆಯಲ್ಲಿ ಅವರನ್ನು ಭಿವಾ ಎನ್ನುತ್ತಿದ್ದರು. ಅದು ಸಲಿಗೆಯ ಮೊಟಕು. ಸಾಲಿಯ ಹೊರಗೆ ನೀರಿನ ಗಡಿಗೆ ಮುಟ್ಟಗೊಡದವರು ಕರೆದಾಗ ಅದೇ ಹೆಸರು ಬೇರೆ. ಆ ಭಿವಾ ಭೀಮರಾವ್ ಆಗಿ, ಡಾಕ್ಟರ್ ಆಗಿ, ಬಾಬಾಸಾಹೇಬ ಆದರು. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿಗೆ ಬೆಂಕಿ ಇಟ್ಟಾಗ ಸುಟ್ಟ ಹಾಳೆಗಳಲ್ಲಿ ಆ ಎರಡು ಶ್ಲೋಕಗಳೂ ಇದ್ದವು. ಹೆಸರಿನ ಕಾನೂನು ಹೇಸಿಕೆಯ ಹೆಸರನ್ನು ಗೊತ್ತು ಮಾಡಿದ್ದ ಜನರ ಕೈಯಿಂದಲೇ ಬೂದಿಯಾಯಿತು.

ಆಮೇಲೆ ನಡೆದದ್ದನ್ನು ನಾನು ನಮ್ಮ ಭಾಷೆಯ ಒಂದು ದೊಡ್ಡ ಘಟನೆ ಎಂದೇ ಎಣಿಸುತ್ತೇನೆ. ವಿದರ್ಭದ ಕಾಮಠಿಯ ಬಾಬು ಹರದಾಸ್ ಬಳಕೆಗೆ ತಂದ 'ಜೈ ಭೀಮ್' ಎಂಬ ವಂದನೆ ಊರಿಂದ ಊರಿಗೆ ಹಬ್ಬಿತು. ಇದರಲ್ಲಿ ಬಾಲವೇ ಇಲ್ಲ ನೋಡಿ. ರಾವ್ ಇಲ್ಲ, ಅಪ್ಪ ಇಲ್ಲ, ಯಾ ಇಲ್ಲ. ಹೆಸರಿನ ಹಿಂದೆ ಏನು ಹತ್ತಿದೆ ಎಂದು ಹುಡುಕುವ ಊರಿಗೆ ನಮ್ಮವರು ಹೆಸರಿನ ಮುಂದೆ ಜಯ ಹಚ್ಚಿ ಉತ್ತರ ಕೊಟ್ಟರು. ಇನ್ನೂ ದೊಡ್ಡದೆಂದರೆ, ಇದು ತಿರುಗಿ ಬರುವ ಮಾತು. ಒಬ್ಬನು ಜೈ ಭೀಮ್ ಎಂದರೆ ಎದುರಿನವನೂ ಜೈ ಭೀಮ್ ಎನ್ನುತ್ತಾನೆ. ಹಿರಿಯ, ಕಿರಿಯ, ಸಾಹೇಬ, ಜವಾನ ಎಲ್ಲರಿಗೂ ಅದೇ ಎರಡು ಪದ. 'ಅಡ್ಡಬಿದ್ದೆ ಧಣಿ' ಎಂದರೆ ಧಣಿ ತಿರುಗಿ ಅಡ್ಡಬೀಳುವುದಿಲ್ಲ. 1968ರಲ್ಲಿ ಬಿ. ಶ್ಯಾಮಸುಂದರ್ ಕಲಬುರಗಿಯಲ್ಲಿ ಭೀಮಸೇನೆ ಕಟ್ಟಿದಾಗ ನಮ್ಮ ಭಾಗದ ಈ ಹಳೆಯ ಹೆಸರು ಒಂದು ಪಡೆಯ ಹೆಸರಾಯಿತು. ಅಂಜಿಸುವವನು ಎಂಬ ಅರ್ಥ ನಿಘಂಟಿನಿಂದ ಬೀದಿಗೆ ಬಂತು.

ಭೀಮಾ ಹೊಳೆಯ ದಂಡೆಗುಂಟ ಎರಡು ಕಲ್ಲುಗಳಿವೆ. ಈ ವಿಚಾರ ಮಾಡುವವರು ಎರಡನ್ನೂ ನೋಡಿ ಬರಬೇಕು. ಒಂದು ಮೇಲ್ಗಡೆ, ಪುಣೆ ಹತ್ತಿರದ ಕೋರೆಗಾವಿನ ಕಂಬ. 1818ರ ಜನವರಿ 1ರ ಯುದ್ಧದಲ್ಲಿ ಸತ್ತ ಕಂಪನಿ ಸೈನಿಕರ ಹೆಸರು ಅದರ ಮೇಲಿವೆ. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಹೋದರು. ಆ ಹೆಸರುಗಳಲ್ಲಿ 22ಕ್ಕೆ 'ನಾಕ್' ಎಂಬ ಬಾಲವಿದೆ. ಅದು ಮಹಾರರ ಹೆಸರಿಗೆ ಹತ್ತುತ್ತಿದ್ದ ಬಾಲ. ಪೇಶ್ವೆಯ ಪುಣೆಯಲ್ಲಿ ಯಾವ ಬಾಲವನ್ನು ಕೇಳಿದರೆ ಜನ ದೂರ ಸರಿಯುತ್ತಿದ್ದರೋ ಅದೇ ಬಾಲ ಕಲ್ಲಿನ ಮೇಲೆ ತಲೆ ಎತ್ತಿ ನಿಂತಿದೆ. ಯುದ್ಧ ಮಾಡಿಸಿದವರು ಬ್ರಿಟಿಷರು, ಅದು ಅವರ ಸ್ವಾರ್ಥ, ಒಪ್ಪುತ್ತೇನೆ. ಆದರೆ ಸತ್ತವರ ಹೆಸರನ್ನು ಪೂರ್ತಿ ಬರೆಯಲು ಪರದೇಶದವನ ಉಳಿಯೇ ಬೇಕಾಯಿತಲ್ಲ ಎಂಬ ನಾಚಿಕೆ ಯಾರದು?

ಎರಡನೇ ಕಲ್ಲು ನಮ್ಮ ಕಲಬುರಗಿ ಜಿಲ್ಲೆಯದೇ, ಇದೇ ಹೊಳೆಯ ದಂಡೆಯ ಸನ್ನತಿಯ ಹತ್ತಿರ. 1986ರಲ್ಲಿ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದ ಮೇಲೆ ಅಶೋಕನ ಶಾಸನದ ಕಲ್ಲು ಬೆಳಕಿಗೆ ಬಂತು. ಆಮೇಲೆ ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪವೇ ಸಿಕ್ಕಿತು. ಅದರ ಒಂದು ಚಪ್ಪಡಿಯಲ್ಲಿ ರಾಜನೊಬ್ಬನ ಚಿತ್ರ ಕೆತ್ತಿ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತದಲ್ಲಿ ಎರಡು ಪದ ಬರೆದಿದ್ದಾರೆ: ರಾಯೋ ಅಸೋಕೋ. ರಾಜ ಅಶೋಕ ಎಂದು. ಆ 'ರಾಯೋ' ಎಂಬ ಪದವನ್ನು ಸ್ವಲ್ಪ ನಿಂತು ಕೇಳಿ. ನಮ್ಮ ಭೀಮರಾಯ, ಶಿವರಾಯ, ಶರಣರಾಯರಲ್ಲಿರುವ 'ರಾಯ' ಅದೇ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಬುದ್ಧನ ಸ್ತೂಪದ ಮೇಲೆ ಕೆತ್ತಿದ ಗೌರವದ ಪದ ಭೀಮೆಯ ನೀರಿನ ಜೊತೆ ಹರಿದು ನಮ್ಮ ಮಕ್ಕಳ ಹೆಸರಿಗೆ ಬಂದು ಹತ್ತಿದೆ. 'ನಿಮ್ಮಂಥೋರಿಗೆ ರಾಯ ಯಾಕ ಬೇಕು' ಎಂದು ಯಾರಾದರೂ ಕೇಳಿದರೆ ಅವರನ್ನು ಕನಗನಹಳ್ಳಿಗೆ ಕಳಿಸಿರಿ.

'ಅಪ್ಪ'ನ ಮಾತೂ ಹಾಗೇ. ಆಳಂದದಿಂದ ಬಹಳ ದೂರವಿಲ್ಲದ ಕಲ್ಯಾಣದಲ್ಲಿ, ಹನ್ನೆರಡನೇ ಶತಮಾನದಲ್ಲಿ, ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣ ತನ್ನ ವಚನಗಳಲ್ಲಿ ಮಾದಾರ ಚೆನ್ನಯ್ಯನನ್ನು, ಡೋಹರ ಕಕ್ಕಯ್ಯನನ್ನು ತಂದೆಯ ಸ್ಥಾನದಲ್ಲಿಟ್ಟು ಕರೆದ. ಅದನ್ನು ನಾವು ಭಕ್ತಿ ಎಂದು ಓದುತ್ತೇವೆ. ನಾನು ಅದನ್ನು ವ್ಯಾಕರಣದ ಬಂಡಾಯ ಎಂದು ಓದುತ್ತೇನೆ. ಮೇಲಿನವನು ಕೆಳಗಿನವನಿಗೆ 'ಅಪ್ಪ' ಎಂದ, ಹೋದ ಮಾತು ತಿರುಗಿ ಬರುವ ದಾರಿ ತೆರೆಯಿತು. ಆ ದಾರಿಯಲ್ಲಿ ಹರಳಯ್ಯ, ಮಧುವರಸರ ಮಕ್ಕಳ ಮದುವೆಯವರೆಗೆ ನಡೆದದ್ದಕ್ಕೆ ರಕ್ತ ಹರಿಯಿತು. ಆ ಬಸವಣ್ಣನ ಹೆಸರಿನಲ್ಲಿ ಜಾತ್ರೆ ಮಾಡುವವರು ಇವತ್ತು ಮಾದರ ಓಣಿಯ ಮುದುಕನಿಗೆ ಒಂದು 'ಅಪ್ಪ' ಸೇರಿಸಲು ನಾಲಿಗೆ ತಡವರಿಸುತ್ತಾರೆ. ಖರ್ಚೇನು? ಎರಡು ಅಕ್ಷರ.

ಆದರೆ ಗೆಳೆಯರೇ, ತಿರುಗಿ ಕರೆಯಬಹುದೇ ಎಂಬ ಪರೀಕ್ಷೆ ಊರಿನ ಗೌಡನಿಗಷ್ಟೇ ಇಟ್ಟದ್ದಲ್ಲ. ಅದನ್ನು ನಮ್ಮ ಕೇರಿಗೂ ತರಬೇಕು. ನಮ್ಮ ಮನೆಗಳಲ್ಲಿ ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಮದುವೆಯಲ್ಲಿ ಒಡಪು ಕಟ್ಟಿ, ಸುತ್ತಿ ಬಳಸಿ, ನಾಚಿಕೊಂಡು ಒಮ್ಮೆ ಹೇಳಿದರೆ ಮುಗಿಯಿತು. ಗಂಡ ಮಾತ್ರ ಅವಳನ್ನು 'ಏ ಭೀಮಿ' ಎನ್ನುತ್ತಾನೆ, ಇಲ್ಲವೆ ಹೆಸರೇ ಇಲ್ಲದೆ 'ಇಕಿ' ಎನ್ನುತ್ತಾನೆ. ಏಪ್ರಿಲ್ 14ರಂದು ಮೆರವಣಿಗೆಯಲ್ಲಿ ಗಂಟಲು ಹರಿಯುವಂತೆ ಜೈ ಭೀಮ್ ಕೂಗಿ ಬಂದ ಬಾಯಿ ರಾತ್ರಿ ಮನೆಯಲ್ಲಿ 'ಏ ಭೀಮಿ, ನೀರು ತಾ' ಎಂದರೆ ಆ ಭೀಮಾಬಾಯಿಯ ಮಗನಿಗೆ ನಾವು ಏನು ಕೊಟ್ಟಂತಾಯಿತು? ಹೊಲೆಯರ ಓಣಿಯಿಂದ ಮಾದರ ಓಣಿಗೆ, ಅಲ್ಲಿಂದ ಇನ್ನೂ ಕೆಳಗೆ ತಳ್ಳಿದವರ ಗುಡಿಸಲಿಗೆ ಹೋಗುವಾಗ ನಮ್ಮ ನಾಲಿಗೆ ಎಲ್ಲಿ ಮೊಟಕಾಗುತ್ತದೆ ಎಂಬುದನ್ನೂ ಕಿವಿಗೊಟ್ಟು ಕೇಳಬೇಕು. ಬಾಲ ಕತ್ತರಿಸುವ ಕತ್ತರಿಯನ್ನು ಮೇಲಿನವರಿಂದ ಕಸಿದುಕೊಂಡು ನಾವೇ ಇಟ್ಟುಕೊಳ್ಳುವುದು ಬಂಡಾಯವಲ್ಲ.

ಇತ್ತೀಚೆಗೆ ತೊಟ್ಟಿಲಲ್ಲಿ ಈ ಹೆಸರು ಕಡಿಮೆಯಾಗುತ್ತಿದೆ. ಅದಕ್ಕೆ ಒಳ್ಳೆಯ ಕಾರಣವೂ ಇದೆ, ಕಹಿ ಕಾರಣವೂ ಇದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೌದ್ಧ ಧಮ್ಮ ಸ್ವೀಕರಿಸಿದ ಮೇಲೆ ಸಿದ್ಧಾರ್ಥ, ಗೌತಮ, ರಾಹುಲ, ಆನಂದ, ಮಿಲಿಂದ, ಅಶೋಕ ಎಂಬ ಹೆಸರುಗಳು ನಮ್ಮ ಮನೆಗಳಿಗೆ ಬಂದವು. ಅದು ಆರಿಸಿಕೊಂಡ ದಾರಿ. ಕಹಿ ಕಾರಣ ಬೇರೆ. ಪುಣೆಗೆ, ಬೆಂಗಳೂರಿಗೆ ದುಡಿಯಲು ಹೋದ ಹುಡುಗ ಬಾಡಿಗೆ ಮನೆ ಕೇಳಿದಾಗ ಮೊದಲು ಹೆಸರು ಕೇಳುತ್ತಾರೆ, ಆಮೇಲೆ 'ಪೂರ್ತಿ ಹೆಸರು' ಕೇಳುತ್ತಾರೆ, ಆಮೇಲೆ ಮನೆ ಖಾಲಿ ಇಲ್ಲ ಎನ್ನುತ್ತಾರೆ. ಊರಲ್ಲಿ ಪೂರ್ತಿ ಹೆಸರು ಕರೆಯಲು ಮನಸ್ಸಿಲ್ಲ, ಪಟ್ಟಣದಲ್ಲಿ ಪೂರ್ತಿ ಹೆಸರು ಕೇಳದೆ ಬಿಡುವುದಿಲ್ಲ. ಅಂಥ ಹುಡುಗ ತನ್ನ ಮಗನಿಗೆ ಯಾವ ಬಾಲವೂ ಹತ್ತದ, ಯಾವ ಕೇರಿಯೂ ಕಾಣದ ಹೆಸರಿಟ್ಟರೆ ನಾನು ಅವನನ್ನು ದೂರುವುದಿಲ್ಲ. ಮಗ ಅಂಜದೆ ಬದುಕಲಿ ಎಂದು ಇಟ್ಟ ಯಾವ ಹೆಸರೂ ಸಣ್ಣದಲ್ಲ. ದೂರಬೇಕಾದದ್ದು ಬಾಗಿಲಲ್ಲಿ ನಿಂತು ಕೇಳುವವನನ್ನು.

ಕಾನೂನು ಇದೆ. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಜಾತಿಯ ಹೆಸರಿನಿಂದ ಅವಮಾನಿಸುವುದು ಅಪರಾಧ. 2015ರ ತಿದ್ದುಪಡಿ ಅದನ್ನು ಇನ್ನೂ ಸ್ಪಷ್ಟ ಮಾಡಿತು. ಆದರೆ 'ಭೀಮಪ್ಪ'ನಿಂದ 'ಅಪ್ಪ'ನನ್ನು ಕಿತ್ತು ಒಗೆದವನ ಮೇಲೆ ಯಾವ ಠಾಣೆಯಲ್ಲಿ ದೂರು ಕೊಡುವುದು? ಅವನು ಜಾತಿಯನ್ನು ಎತ್ತಲೇ ಇಲ್ಲ. ಬಿಡಬೇಕಾದ ಎರಡು ಅಕ್ಷರ ಬಿಟ್ಟ, ಅಷ್ಟೆ. ಆಡಿದ ಮಾತಿಗೆ ಶಿಕ್ಷೆಯಿದೆ, ಆಡದೆ ನುಂಗಿದ ಗೌರವಕ್ಕೆ ಶಿಕ್ಷೆಯಿಲ್ಲ. ಕಾನೂನು ಮುಟ್ಟಲಾಗದ ಈ ಜಾಗದಲ್ಲೇ ನೀತಿಯ ಪ್ರಶ್ನೆ ಶುರುವಾಗುತ್ತದೆ.

ಹಾಗಾಗಿ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದು. ಹೆಸರು ಹೊತ್ತವನ ಸ್ವತ್ತು, ಆದರೆ ಅದು ಯಾವಾಗಲೂ ಬೇರೆಯವರ ಬಾಯಲ್ಲಿ ಇರುತ್ತದೆ. ನಮ್ಮ ಹೆಸರನ್ನು ನಾವು ಎಷ್ಟು ಸಲ ಕರೆದುಕೊಳ್ಳುತ್ತೇವೆ? ಹುಟ್ಟಿದಾರಭ್ಯ ಅದನ್ನು ಬಳಸುವವರು ಬೇರೆಯವರೇ. ಅಂದ ಮೇಲೆ ಪ್ರತಿಯೊಬ್ಬನ ಬಾಯಲ್ಲೂ ಊರ ಮಂದಿಯ ಹೆಸರುಗಳು ಒತ್ತೆ ಇಟ್ಟ ಸಾಮಾನಿನಂತೆ ಇವೆ. ಒತ್ತೆ ಇಟ್ಟದ್ದನ್ನು ಮುರಿಯದೆ, ಸವೆಸದೆ, ಇಟ್ಟ ಹಾಗೇ ತಿರುಗಿ ಕೊಡುವುದು ಇಟ್ಟುಕೊಂಡವನ ಧರ್ಮ. ಅದು ಉಪಕಾರವಲ್ಲ, ಸಾಲ.

ಸಾಧ್ಯವಿಲ್ಲ, ಹಳೆಯ ನಾಲಿಗೆ ಹೊರಳುವುದಿಲ್ಲ ಎನ್ನಬೇಡಿ. 2014ರ ನವೆಂಬರ್ 1ರಂದು ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು. ಬಸ್ಸಿನ ಹಲಗೆ, ಕಚೇರಿಯ ಮೊಹರು, ರೈಲು ನಿಲ್ದಾಣದ ಹೆಸರು ಎಲ್ಲ ಬದಲಾದವು. ಕನ್ನಡ ಬಾರದ ಮಂದಿ ಕೂಡ ನಾಲಿಗೆ ತಿರುಗಿಸಿ ಕಲಬುರಗಿ ಎನ್ನುವುದನ್ನು ಕಲಿತರು. ಒಂದು ಊರ ಹೆಸರನ್ನು ಸರಿಯಾಗಿ ಕರೆಯಬೇಕು, ಅದು ಆ ಊರಿನ ಮಾನದ ಪ್ರಶ್ನೆ ಎಂದು ಎಲ್ಲರೂ ಒಪ್ಪಿದರು. ಊರಿಗೆ ಇರುವ ಮಾನ ಊರೊಳಗಿನ ಮನುಷ್ಯನಿಗೆ ಇರಬಾರದೇ?

ಈ ಪತ್ರಿಕೆ ಓದುವವರಲ್ಲಿ ಹಳ್ಳಿ ಸಾಲಿಯ ಮಾಸ್ತರರು, ಬಾಯಾರು ಬಹಳ ಮಂದಿ ಇದ್ದೀರಿ. ಬೇರೆ ಯಾರಿಗೂ ಇಲ್ಲದ ಒಂದು ಅಧಿಕಾರ ನಿಮಗಿದೆ. ಹಾಜರಿ ಪುಸ್ತಕ ನಿಮ್ಮ ಕೈಯಲ್ಲಿದೆ. ಜೂನ್ ತಿಂಗಳು ಮಗನ ಕೈಹಿಡಿದು ಬಂದ ಅಪ್ಪ ತನ್ನ ಹೆಸರನ್ನು ಮೊಟಕು ಮಾಡಿ ಹೇಳಿದರೆ ಹಾಗೇ ಬರೆದುಕೊಳ್ಳಬೇಡಿ. 'ಪೂರ್ತಿ ಹೇಳ್ರಿ' ಎಂದು ಕೇಳಿರಿ. ಇಲ್ಲಿ 'ಪೂರ್ತಿ' ಎಂದರೆ ಜಾತಿಯಲ್ಲ, ಅತ್ತಿ ಕಿವಿಯಲ್ಲಿ ಹೇಳಿದ ಹೆಸರು. ಅವನು ತಡವರಿಸುತ್ತಾನೆ. ಕಾಯಿರಿ. ಕಾರ್ಯಕರ್ತ ಗೆಳೆಯರು ಸಭೆಗೆ ಕರೆಯಲು ಹೋದಾಗ ಮೊದಲು ಅಲ್ಲಿಯ ಮುದುಕರ, ಹೆಣ್ಣುಮಕ್ಕಳ ಹೆಸರನ್ನು ಪೂರ್ತಿಯಾಗಿ ಕಲಿತುಕೊಳ್ಳಿರಿ, ಘೋಷಣೆ ಆಮೇಲೆ. ಭೂಮಿಯ ಹೋರಾಟ ಬಹಳ ವರ್ಷ ಹಿಡಿಯುತ್ತದೆ, ಕೂಲಿಯದೂ ಹಿಡಿಯುತ್ತದೆ. ಭೀಮಪ್ಪನನ್ನು ಭೀಮಪ್ಪ ಎನ್ನಲು ಯಾವ ಸರ್ಕಾರದ ಆದೇಶವೂ ಬೇಕಾಗಿಲ್ಲ. ಇವತ್ತು ಸಂಜೆಯೇ ಆಗುವ ಕೆಲಸ ಅದು.